ಶಿಫ್ಟರ್ ಕಾರ್ಟ್ ತಿರುವಿನಲ್ಲಿ ಮುಗ್ಗರಿಸಿದರೆ: ದೋಷ ಹುಡುಕುವ ಬಗೆ

ಹೊಸದಾಗಿ ಶಿಫ್ಟರ್ ಕಾರ್ಟ್ (ಗೇರ್ ಇರುವ ರೇಸ್ ಗೋ-ಕಾರ್ಟ್) ತೆಗೆದುಕೊಂಡವರ ದೂರು ಬಹುತೇಕ ಒಂದೇ. ಸ್ಟ್ರೇಟ್‌ನಲ್ಲಿ ಚೆನ್ನಾಗಿ ಓಡುತ್ತೆ, ತಿರುವು ಮುಗಿಸಿ ಆಕ್ಸಿಲರೇಟರ್ ತುಳಿದರೆ ಪಿಕಪ್ ಇಲ್ಲ, ಎಂಜಿನ್ ಮುಗ್ಗರಿಸಿ ಆಮೇಲೆ ಏಳುತ್ತೆ ಅಂತ. ಮಾತು ಮುಗಿಯುವಷ್ಟರಲ್ಲಿ ಕೈಯಲ್ಲಿ ಜೆಟ್ ಡಬ್ಬಿ ಇರುತ್ತದೆ. ಜೆಟ್ ಅಂದರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹರಿಯುವ ತೂತಿನ ತಿರುಪು. ಮೇನ್ ಜೆಟ್ ಒಂದು ಸೈಜ್ ಇಳಿಸಿ ನೋಡುತ್ತಾರೆ. ಸರಿ ಹೋಗದಿದ್ದರೆ ಇನ್ನೊಂದು ಸೈಜ್. ಸಂಜೆ ಹೊತ್ತಿಗೆ ಪಿಸ್ಟನ್ ಸೀಜ್ ಆಗಿ ಸಿಲಿಂಡರ್ ಒಳಗೆ ಕಚ್ಚಿಕೊಂಡಿರುತ್ತದೆ, ತಿರುವಿನ ದೋಷ ಹಾಗೇ ಉಳಿದಿರುತ್ತದೆ.

ಈ ಗಾಡಿಯಲ್ಲಿ ಎಂಜಿನ್ ಸದ್ದಿನಲ್ಲಿ ಕೇಳಿಸುವ ದೋಷ ಎಂಜಿನ್‌ನದ್ದೇ ಆಗಿರಬೇಕು ಅಂತಿಲ್ಲ. ಚಾಸಿಸ್ (ಗಾಡಿಯ ಫ್ರೇಮ್) ಬಿಗಿ ಹಿಡಿದರೂ ಅದೇ ಸದ್ದು. ಬ್ರೇಕ್ ಪ್ಯಾಡ್ ಬಿಡದೇ ಇದ್ದರೂ ಅದೇ. ಡ್ರೈವರ್ ಬೇಕಾದ್ದಕ್ಕಿಂತ ಒಂದು ಗೇರ್ ಮೇಲೆ ಇದ್ದರೂ ಅದೇ. ಕಾರ್ಬ್ಯುರೇಟರ್ ಇವೆಲ್ಲ ಆದಮೇಲೆ ನೋಡಬೇಕಾದದ್ದು. ಬಿಚ್ಚುವುದು ಸುಲಭ ಅನ್ನುವ ಒಂದೇ ಕಾರಣಕ್ಕೆ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ.

ಇಲ್ಲಿ ಹೇಳುತ್ತಿರುವುದು 125 ಸಿಸಿ, ಟೂ ಸ್ಟ್ರೋಕ್, ಆರು ಗೇರ್‌ನ ಕಾರ್ಟ್ ಬಗ್ಗೆ. ಯುರೋಪಿನಲ್ಲಿ ಇದು ಕೆಜಡ್ ಕ್ಲಾಸ್. 2007ಕ್ಕೆ ಮೊದಲು ಐಸಿಸಿ ಅನ್ನುತ್ತಿದ್ದರು. ಅಲ್ಲಿ ಟಿಎಂ, ವೋರ್ಟೆಕ್ಸ್ ಥರದ ಇಟಲಿಯ ಎಂಜಿನ್‌ಗಳು, 30 ಎಂಎಂ ಡೆಲ್ಲೋರ್ಟೊ ವಿಎಚ್‌ಎಸ್‌ಎಚ್ ಕಾರ್ಬ್ಯುರೇಟರ್. ಅಮೆರಿಕದಲ್ಲಿ ಹೋಂಡಾ ಸಿಆರ್125 ಮೋಟೋಕ್ರಾಸ್ ಬೈಕಿನ ಎಂಜಿನ್ ಕೂರಿಸಿ, ಕೀಹಿನ್ ಕಾರ್ಬ್ಯುರೇಟರ್ ಹಾಕಿದ ಕಾರ್ಟ್‌ಗಳು ಬಹಳ ಕಾಲದಿಂದ ಓಡುತ್ತಿವೆ. ನಮ್ಮ ದೇಶದಲ್ಲಿ ರೇಸಿಗೆ ಬರುವವರು ಹೆಚ್ಚಾಗಿ ಕೈ ಪಳಗಿಸಿಕೊಳ್ಳುವುದು ರೋಟಾಕ್ಸ್ ಮ್ಯಾಕ್ಸ್ ಮೇಲೆ. ಅದಕ್ಕೆ ಗೇರ್ ಬದಲಿಸುವ ಕೆಲಸ ಇಲ್ಲ. ಅಲ್ಲಿಂದ ಶಿಫ್ಟರ್‌ಗೆ ಬಂದವರಿಗೆ ಗೇರ್, ಕೈ ಕ್ಲಚ್, ಮುಂಚಕ್ರದ ಬ್ರೇಕ್ ಮೂರೂ ಒಟ್ಟಿಗೆ ಹೊಸ ತಲೆನೋವು. ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ, ಸಸ್ಪೆನ್ಷನ್ ಇಲ್ಲ ಅನ್ನುವುದು ಮಾತ್ರ ಎಲ್ಲ ರೇಸ್ ಕಾರ್ಟ್‌ಗೂ ಒಂದೇ. ಅರ್ಧದಷ್ಟು ದೋಷಗಳ ಬೇರು ಅಲ್ಲೇ ಇದೆ.

ಶುರು ಮಾಡುವ ಮುನ್ನ ಒಂದು ಮಾತು. ಹುಡುಕಾಟ ಮುಗಿಯುವ ತನಕ ಮೇನ್ ಜೆಟ್ ದೊಡ್ಡದೇ ಇರಲಿ. ಸ್ವಲ್ಪ ರಿಚ್ (ಪೆಟ್ರೋಲ್ ಹೆಚ್ಚು) ಓಡಿದರೆ ಹೋಗುವುದು ಲ್ಯಾಪ್ ಟೈಮ್ ಅಷ್ಟೇ. ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಓಡಿದರೆ ಹೋಗುವುದು ಪಿಸ್ಟನ್, ಸಿಲಿಂಡರ್.

ಮೊದಲು ಗಾಡಿ ನೆಟ್ಟಗಿರಲಿ

ಬಾಗಿದ ಗಾಡಿಯಲ್ಲಿ ಸೆಟಪ್ ಮಾಡುವುದು ದಂಡ. ಕಾರ್ಟನ್ನು ಸ್ಟ್ಯಾಂಡ್ ಮೇಲೇರಿಸಿ, ಚೈನ್ ಕಳಚಿ, ಹಿಂದಿನ ಆಕ್ಸಲ್ ಅನ್ನು ಕೈಯಲ್ಲಿ ತಿರುಗಿಸಿ ಬಿಡಿ. ಸಲೀಸಾಗಿ ಸುತ್ತಿ ತಾನಾಗಿ ನಿಲ್ಲಬೇಕು. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ತಡೆದರೆ ಆಕ್ಸಲ್ ಬಾಗಿದೆ. ಇಡೀ ಸುತ್ತು ಬಿಗಿಯಾಗಿದ್ದರೆ ಬೇರಿಂಗ್ ಹೌಸಿಂಗ್‌ಗಳು ಒಂದೇ ಸಾಲಿನಲ್ಲಿ ಕೂತಿಲ್ಲ. ಅವುಗಳ ಬೋಲ್ಟ್ ಸಡಿಲಿಸಿ, ಆಕ್ಸಲ್ ತಿರುಗಿಸುತ್ತಲೇ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಎಂಜಿನ್‌ಗೆ ದುಡ್ಡು ಸುರಿದವರನ್ನು ನೋಡಿದ್ದೇನೆ.

ಟೋ, ಅಂದರೆ ಮುಂಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ನೋಡುವಾಗ ಡ್ರೈವರ್ ಸೀಟಿನಲ್ಲಿ ಕೂತಿರಬೇಕು. ಖಾಲಿ ಗಾಡಿಯ ಅಳತೆ ಬೇರೆ, ತೂಕ ಬಿದ್ದಾಗಿನ ಅಳತೆ ಬೇರೆ. ಸೊನ್ನೆಯಿಂದ 2 ಎಂಎಂ ಟೋ ಔಟ್ (ಹೊರಕ್ಕೆ) ಒಳ್ಳೆಯ ಆರಂಭ. ಸೀಟ್ ಅನ್ನು ಚಾಸಿಸ್ ಕಂಪನಿ ಕೊಟ್ಟ ಅಳತೆಗೇ ಕೂರಿಸಿ. ನಾಲ್ಕು ಚಕ್ರದ ಕೆಳಗೆ ಇಡುವ ತೂಕದ ಮೆಷಿನ್ ಸಿಕ್ಕರೆ ಡ್ರೈವರ್ ಸಮೇತ ತೂಗಿ. ಎಡ ಬಲ ಸಮ ಇರಬೇಕು, ಮುಂದೆ ಒಟ್ಟು ತೂಕದ ಶೇಕಡಾ 43ರಿಂದ 45 ಇದ್ದರೆ ಸಾಕು. ಶಿಫ್ಟರ್‌ನ ಎಂಜಿನ್ ಬಲಕ್ಕಿರುತ್ತದೆ, ರೇಡಿಯೇಟರ್ ಎಡಕ್ಕೆ. ಸೀಟ್ ಒಂದು ಬೆರಳು ಅತ್ತಿತ್ತ ಆದರೂ ಮೆಷಿನ್‌ನಲ್ಲಿ ಗೊತ್ತಾಗುತ್ತದೆ.

ಟೈರ್ ಗಾಳಿ ನೆರಳಿನಲ್ಲಿ, ಟೈರ್ ತಣ್ಣಗಿರುವಾಗ ನೋಡಿ. ಒಂದು ಬದಿಯ ಟೈರ್ ಬಿಸಿಲಿಗೆ ಕಾದಿದ್ದರೆ ಗೇಜ್ ಸುಳ್ಳು ಹೇಳುತ್ತದೆ. 10 ಪಿಎಸ್‌ಐ ಆಸುಪಾಸಿನಲ್ಲಿ ಶುರು ಮಾಡಿ, ಟೈರ್ ಕಂಪನಿಯ ಸೂಚನೆ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಗಾಳಿ, ಜೆಟ್, ಸ್ಪ್ರಾಕೆಟ್, ಆ ಹೊತ್ತಿನ ಬಿಸಿಲು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಯಾವಾಗ, ಎಲ್ಲಿ, ಯಾವ ಕಡೆ

ಸ್ಪಾನರ್ ಹಿಡಿಯುವ ಮುಂಚೆ ಡ್ರೈವರ್‌ಗೆ ಕೆಲವು ಪ್ರಶ್ನೆ ಕೇಳಬೇಕು.

ಎಡ ತಿರುವು, ಬಲ ತಿರುವು ಎರಡರಲ್ಲೂ ಹೀಗೇ ಆಗುತ್ತಾ? ಒಂದೇ ಕಡೆಯ ತಿರುವಿನಲ್ಲಿ ಮಾತ್ರ ಅಂದರೆ ಮೊದಲ ಅನುಮಾನ ಪೆಟ್ರೋಲ್ ಮೇಲೆ. ತಿರುವಿನಲ್ಲಿ ಕಾರ್ಬ್ಯುರೇಟರ್ ತಳದ ಬಟ್ಟಲಾದ ಫ್ಲೋಟ್ ಬೌಲ್‌ನ ಪೆಟ್ರೋಲ್ ಒಂದು ಮಗ್ಗುಲಿಗೆ ವಾಲುತ್ತದೆ. ಫ್ಲೋಟ್ ಮಟ್ಟ ಕಡಿಮೆ ಇದ್ದರೆ ಜೆಟ್‌ಗೆ ಗಾಳಿ ಸಿಗುತ್ತದೆ. ಕಾರ್ಬ್ಯುರೇಟರ್ ಓರೆಯಾಗಿ ಕೂತಿದ್ದರೂ ಹೀಗೇ. ಕಾರ್ಬ್‌ನ ವೆಂಟ್ ಪೈಪ್ ಎಲ್ಲಾದರೂ ಸೀಟಿಗೆ ಸಿಕ್ಕಿ ಮಡಚಿದೆಯಾ ನೋಡಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ಮಾತ್ರ ಬರುವ ದೋಷವಾದರೆ ಟ್ಯಾಂಕ್ ಒಳಗಿನ ಪೈಪಿನ ತುದಿ ತಳದಲ್ಲಿಲ್ಲ, ಮೇಲೆ ತೇಲುತ್ತಿದೆ. ಒಂದು ಬದಿಯಲ್ಲಿ ಮಾತ್ರ ಬರುವ ದೋಷಕ್ಕೆ ಎರಡನೇ ಕಾರಣ ಬಾಗಿದ ಫ್ರೇಮ್. ತೂಕದ ಮೆಷಿನ್ ಅದನ್ನು ಆಗಲೇ ಹೇಳಿರುತ್ತದೆ.

ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಶುರುವಾಯಿತಾ? ಇದು ದೊಡ್ಡ ಸುಳಿವು. ಗಾಡಿಗಳು ಓಡಿದಷ್ಟೂ ಟ್ರ್ಯಾಕ್ ಮೇಲೆ ರಬ್ಬರ್ ಕೂರುತ್ತದೆ, ಗ್ರಿಪ್ ಏರುತ್ತದೆ. ಬಿಸಿಲಿಗೆ ಗಾಳಿ ತೆಳುವಾಗಿ ಎಂಜಿನ್ ಸ್ವಲ್ಪ ರಿಚ್ ಆಗುವುದೂ ನಿಜ. ಆದರೆ ಅದು ಎಲ್ಲ ಕಡೆ ಕಾಣಬೇಕು, ಸ್ಟ್ರೇಟ್‌ನಲ್ಲೂ ಕಾಣಬೇಕು. ತಿರುವಿನಲ್ಲಿ ಮಾತ್ರ ಮುಗ್ಗರಿಸಿ ಸ್ಟ್ರೇಟ್‌ನಲ್ಲಿ ಸರಿಯಾಗಿದ್ದರೆ ಚಾಸಿಸ್ ಕಡೆ ನೋಡಿ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಸರಳ ಪರೀಕ್ಷೆ ಇದೆ. ಹಿಂದೆ ಯಾರೂ ಇಲ್ಲದಾಗ, ಸ್ಟ್ರೇಟ್‌ನಲ್ಲಿ, ಸ್ಟೀರಿಂಗ್ ನೆಟ್ಟಗಿಟ್ಟುಕೊಂಡು, ತಿರುವಿನಲ್ಲಿ ಬಳಸುವ ಅದೇ ಗೇರ್‌ನಲ್ಲಿ, ತಿರುವಿನಲ್ಲಿ ಇಳಿಯುವ ಅದೇ ಆರ್‌ಪಿಎಂಗೆ ಬನ್ನಿ. ಅಲ್ಲಿಂದ ಆಕ್ಸಿಲರೇಟರ್ ತುಳಿಯಿರಿ. ಮುಗ್ಗರಿಸಿದರೆ ಎಂಜಿನ್ ಅಥವಾ ಗೇರ್. ಸಲೀಸಾಗಿ ಎದ್ದರೆ ಚಾಸಿಸ್, ಬ್ರೇಕ್ ಅಥವಾ ಡ್ರೈವರ್. ಇಷ್ಟಕ್ಕೇ ಅರ್ಧ ಅನುಮಾನ ಕಳೆಯುತ್ತದೆ. ಆದರೂ ಈ ಪರೀಕ್ಷೆ ಮಾಡುವವರು ಕಡಿಮೆ. ಯಾಕೋ ಗೊತ್ತಿಲ್ಲ, ಸುಮ್ನೆ ಬಿಚ್ಚುವುದರಲ್ಲೇ ನಮಗೆ ಖುಷಿ.

ಗೇರ್

ಈ ಎಂಜಿನ್‌ಗಳಿಗೆ ಜೀವ ಬರುವುದೇ ಸುಮಾರು 9,000ದಿಂದ 10,000 ಆರ್‌ಪಿಎಂ ದಾಟಿದ ಮೇಲೆ. ಅದಕ್ಕಿಂತ ಕೆಳಗೆ ಎಷ್ಟು ತುಳಿದರೂ ಎಳೆಯುವುದಿಲ್ಲ. ಹೊಸ ಡ್ರೈವರ್‌ಗಳಿಗೆ ತಿರುವಿನ ಮುಂಚೆ ಗೇರ್ ಇಳಿಸಲು ಪುರುಸೊತ್ತು ಸಾಲದು. ಒಂದು ಗೇರ್ ಮೇಲೆಯೇ ತಿರುಗಿಬಿಡುತ್ತಾರೆ. ಅವರ ಪ್ರಕಾರ ಇಳಿಸಿಯೇ ಇರುತ್ತಾರೆ, ಅದು ಬೇರೆ ಮಾತು.

ಡ್ಯಾಶ್‌ನಲ್ಲಿ ಡೇಟಾ ಲಾಗರ್ ಇದ್ದರೆ ಜಗಳ ಬೇಡ. ಆ ತಿರುವಿನಲ್ಲಿ ಆರ್‌ಪಿಎಂ ಎಲ್ಲಿಗೆ ಇಳಿದಿದೆ ನೋಡಿ. 8,000ಕ್ಕೆ ಇಳಿದಿದ್ದರೆ ಉತ್ತರ ಸಿಕ್ಕಂತೆ. ಸ್ಪ್ರಾಕೆಟ್ ಬದಲಿಸಲು ಓಡಬೇಡಿ. ಹಿಂದಿನ ಆಕ್ಸಲ್ ಸ್ಪ್ರಾಕೆಟ್ಟಿಗೆ 25 ಹಲ್ಲು ಇದ್ದು ಒಂದು ಹಲ್ಲು ಹೆಚ್ಚಿಸಿದರೆ ವ್ಯತ್ಯಾಸ ಶೇಕಡಾ 4, ಅಂದರೆ 8,000ದಲ್ಲಿ 320 ಆರ್‌ಪಿಎಂ. ಒಂದು ಗೇರ್ ಇಳಿಸಿದರೆ ಸಾವಿರಕ್ಕೂ ಜಾಸ್ತಿ ಏರುತ್ತದೆ. ಅತಿ ಉದ್ದದ ಸ್ಟ್ರೇಟ್‌ನ ಕೊನೆಯಲ್ಲಿ ಆರನೇ ಗೇರ್ ಎಲ್ಲಿಗೆ ಮುಟ್ಟಬೇಕು ಅನ್ನುವುದನ್ನು ನೋಡಿ ಸ್ಪ್ರಾಕೆಟ್ ಆರಿಸುತ್ತಾರೆ, ಒಂದು ಹೇರ್‌ಪಿನ್ (ಯು ಆಕಾರದ ತಿರುವು) ನೋಡಿ ಅಲ್ಲ. ಬಹುತೇಕ ಟ್ರ್ಯಾಕ್‌ಗಳಲ್ಲಿ ಹೇರ್‌ಪಿನ್‌ಗೆ ಎರಡನೇ ಗೇರ್ ಬೇಕು. ಮೊದಲನೇ ಗೇರ್‌ಗೆ ಕೆಲಸ ರೇಸ್ ಸ್ಟಾರ್ಟ್‌ನಲ್ಲಿ ಮಾತ್ರ.

ಬ್ರೇಕ್ ಹಿಡಿದುಕೊಂಡಿದೆಯೇ

ಸೆಷನ್ ಮುಗಿಸಿ ಒಳಗೆ ಬಂದ ತಕ್ಷಣ, ಇನ್ನೂ ಎಲ್ಲ ಬಿಸಿಯಾಗಿರುವಾಗಲೇ, ಸ್ಟ್ಯಾಂಡ್ ಮೇಲೇರಿಸಿ ನಾಲ್ಕೂ ಚಕ್ರ ತಿರುಗಿಸಿ ನೋಡಿ. ಟೀ ಕುಡಿದು ಬಂದು ನೋಡಿದರೆ ಪ್ರಯೋಜನ ಇಲ್ಲ. ಬಿಸಿಗೆ ಬ್ರೇಕ್ ಆಯಿಲ್ ಹಿಗ್ಗುತ್ತದೆ. ಪೆಡಲ್ ರಾಡ್‌ನಲ್ಲಿ ಪ್ಲೇ ಇಲ್ಲದೇ ಇದ್ದರೆ ಆ ಆಯಿಲ್‌ಗೆ ಮಾಸ್ಟರ್ ಸಿಲಿಂಡರ್‌ಗೆ ವಾಪಸ್ ಹೋಗಲು ದಾರಿ ಇಲ್ಲ. ಪ್ಯಾಡ್ ಡಿಸ್ಕ್ ಬಿಡುವುದಿಲ್ಲ. ತಣ್ಣಗಾದ ಮೇಲೆ ತಾನೇ ಬಿಡುತ್ತದೆ, ದೋಷ ಸಿಗುವುದಿಲ್ಲ. ಮೊದಲ ಲ್ಯಾಪ್‌ಗಳು ಚೆನ್ನಾಗಿದ್ದು ಆಮೇಲೆ ಗಾಡಿ ಭಾರ ಆಗುತ್ತಾ ಹೋದರೆ ಇದನ್ನೇ ಮೊದಲು ನೋಡಬೇಕು. ಪೆಡಲ್‌ನಲ್ಲಿ ಸ್ವಲ್ಪ ಸಡಿಲ ಬಿಡಿ.

ಮುಂಚಕ್ರದ ಬ್ರೇಕ್ ಒಂದು ಬದಿ ಮಾತ್ರ ಹಿಡಿದರೆ ಸ್ಟೀರಿಂಗ್ ಆ ಕಡೆ ಎಳೆಯುತ್ತದೆ, ಅದು ಗೊತ್ತಾಗುತ್ತದೆ. ಗೊತ್ತಾಗದೇ ಕಾಡುವುದು ಹಿಂಚಕ್ರ ಲಾಕ್ ಆಗುವುದು. ಬ್ರೇಕ್ ಹೊಡೆದ ಕೂಡಲೇ ಹಿಂಬದಿ ಜಾರಿದರೆ ಚಾಸಿಸ್ ಲೂಸ್ ಅಂದುಕೊಳ್ಳುತ್ತಾರೆ. ವೇಗ ಇಳಿಯುವ ಮುಂಚೆಯೇ ಗೇರ್ ಇಳಿಸಿದರೆ ಎಂಜಿನ್ನೇ ಹಿಂದಿನ ಆಕ್ಸಲ್ ಅನ್ನು ಹಿಡಿಯುತ್ತದೆ. ಬ್ರೇಕ್ ಬಯಾಸ್ (ಮುಂದೆ ಹಿಂದೆ ಬ್ರೇಕ್ ಬಲದ ಹಂಚಿಕೆ) ಮುಟ್ಟುವ ಮೊದಲು ಒಂದು ಸೆಷನ್ ಗೇರ್ ಅನ್ನು ತಡವಾಗಿ ಇಳಿಸಿ ನೋಡಿ. ಎಂಜಿನ್‌ನ ಆಯಸ್ಸಿಗೂ ಒಳ್ಳೆಯದು.

ಒಳಬದಿಯ ಹಿಂಚಕ್ರ

ಹೊಸ ಗಾಡಿಗಳ ಮುಗ್ಗರಿಕೆಯಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿ.

ಹಿಂದಿನ ಎರಡು ಚಕ್ರವೂ ಒಂದೇ ಕೊಳವೆ ಆಕ್ಸಲ್‌ಗೆ ಬಿಗಿದಿವೆ. ಎರಡೂ ಸಮ ತಿರುಗಲೇಬೇಕು. ಆದರೆ ಹೇರ್‌ಪಿನ್‌ನಲ್ಲಿ ಅರ್ಧ ಸುತ್ತು ಹಾಕುವಾಗ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಮೂರೂವರೆ ಮೀಟರ್‌ಗೂ ಹೆಚ್ಚು ದೂರ ಹೋಗಬೇಕು. ಎರಡೂ ನೆಲ ಕಚ್ಚಿ ಕೂತರೆ ಒಂದು ಟೈರ್ ತಿಕ್ಕಿಕೊಂಡು ಎಳೆದಾಡಲೇಬೇಕು. ಆ ತಿಕ್ಕಾಟ ಎಂಜಿನ್‌ನ ಬಲವನ್ನು ತಿನ್ನುತ್ತದೆ. ಆರ್‌ಪಿಎಂ ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಬಿಡದೆ ಕಾರು ಓಡಿಸಿದ ಹಾಗೆ.

ಅದಕ್ಕೇ ತಿರುವಿನಲ್ಲಿ ಒಳಬದಿಯ ಹಿಂಚಕ್ರ ನೆಲ ಬಿಡಬೇಕು. ಬಿಡಿಸುವುದು ಮುಂದಿನ ಜ್ಯಾಮಿತಿ. ಕಾಸ್ಟರ್, ಅಂದರೆ ಮುಂಚಕ್ರ ತಿರುಗುವ ಕೀಲಿನ ಹಿಂದಕ್ಕೆ ವಾಲಿದ ಓರೆ, ಇರುವುದರಿಂದ ಸ್ಟೀರಿಂಗ್ ತಿರುಗಿಸಿದಾಗ ಒಳಬದಿಯ ಮುಂಚಕ್ರ ಕೆಳಕ್ಕೆ ಒತ್ತುತ್ತದೆ, ಹೊರಬದಿಯದು ಮೇಲಕ್ಕೆ ಸರಿಯುತ್ತದೆ. ಆ ಒತ್ತಿಗೆ ಫ್ರೇಮ್ ತಿರುಚಿಕೊಂಡು ಒಳಬದಿಯ ಹಿಂಚಕ್ರ ಎದ್ದು ನಿಲ್ಲುತ್ತದೆ. ಸಸ್ಪೆನ್ಷನ್ ಇಲ್ಲದ ಗಾಡಿಗೆ ಫ್ರೇಮೇ ಸ್ಪ್ರಿಂಗ್.

ಏಳುತ್ತಿದೆಯೋ ಇಲ್ಲವೋ ಅಂತ ಡ್ರೈವರ್‌ನ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಫೋನ್ ತೆಗೆದುಕೊಂಡು, ನಿಲ್ಲಲು ಅನುಮತಿ ಇರುವ ಜಾಗದಲ್ಲಿ, ತಿರುವಿನ ಒಳಬದಿಗೆ ಬೇಲಿಯ ಹಿಂದೆ ಕೂತು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಫೋನ್ ಆದಷ್ಟು ನೆಲದ ಮಟ್ಟದಲ್ಲಿರಲಿ. ಆಮೇಲೆ ನಿಧಾನಕ್ಕೆ ಓಡಿಸಿ ನೋಡಿ. ಟೈರ್ ಮತ್ತು ಟಾರಿನ ನಡುವೆ ಬೆಳಕಿನ ಗೆರೆ ಕಾಣಬೇಕು. ಸ್ಟೀರಿಂಗ್ ತಿರುಗಿದ ಕೂಡಲೇ ಆ ಗೆರೆ ಮೂಡಿ, ತಿರುವಿನ ನಡುವಿನ ತನಕ ತೆಳುವಾಗಿ ಉಳಿದು, ಸ್ಟೀರಿಂಗ್ ನೆಟ್ಟಗಾಗುತ್ತಿದ್ದಂತೆ ಮೆಲ್ಲಗೆ ಮುಚ್ಚಿಕೊಂಡರೆ ಚಾಸಿಸ್ ಸರಿಯಿದೆ.

ಗೆರೆ ಕಾಣಿಸಲೇ ಇಲ್ಲವೇ? ಚಕ್ರ ಏಳುತ್ತಿಲ್ಲ. ಮುಂದಿನ ಹಬ್‌ಗಳಿಗೆ ಎರಡೂ ಬದಿ ಒಂದೊಂದು ಸ್ಪೇಸರ್ ಹಾಕಿ ಮುಂಭಾಗ ಅಗಲ ಮಾಡಿ. ಸಾಲದಿದ್ದರೆ ಕಾಸ್ಟರ್ ಸ್ವಲ್ಪ ಹೆಚ್ಚಿಸಿ. ಸ್ಟೀರಿಂಗ್ ಭಾರ ಆಗುತ್ತದೆ, ಅದು ಸಹಜ. ಸೀಟಿಗೆ ಹೆಚ್ಚುವರಿ ಸ್ಟೇ ರಾಡ್ ಹಾಕಿದ್ದರೆ ಒಂದು ಜೊತೆ ತೆಗೆದು ನೋಡಿ. ಹಿಂದಿನ ಗ್ರಿಪ್ ಸ್ವಲ್ಪ ಇಳಿದು ಗಾಡಿ ಬಿಡಿಸಿಕೊಳ್ಳುತ್ತದೆ.

ಗೆರೆ ತೀರಾ ದಪ್ಪವಾಗಿ, ಆಮೇಲೆ ಚಕ್ರ ಧೊಪ್ಪನೆ ಕೆಳಗೆ ಬಿದ್ದು ಮತ್ತೆ ಏಳುತ್ತಿದೆಯೇ? ಇದು ಕುಪ್ಪಳಿಸುವ ಕಾಯಿಲೆ. ಚಕ್ರ ಬಿದ್ದ ಪ್ರತಿ ಸಲವೂ ಆರ್‌ಪಿಎಂ ಇಳಿಯುತ್ತದೆ. ಕಿವಿಗೆ ಮಾತ್ರ ಥೇಟ್ ಮಿಸ್ಸಿಂಗ್ ಹೊಡೆದ ಹಾಗೇ ಕೇಳುತ್ತದೆ, ಪ್ಲಗ್ ಬದಲಿಸಿ ಬದಲಿಸಿ ಸುಸ್ತಾಗುತ್ತಾರೆ. ಈಗ ಎಲ್ಲ ಉಲ್ಟಾ: ಮುಂಭಾಗ ಕಿರಿದು ಮಾಡಿ, ಹಿಂಭಾಗ ಅಗಲ ಮಾಡಿ. ಹಿಂದಿನ ಒಟ್ಟು ಅಗಲ 140 ಸೆಂಟಿಮೀಟರ್ ಮೀರಬಾರದು ಅನ್ನುವುದು ನಿಯಮ, ನಿಮ್ಮ ಗಾಡಿ ಅದಕ್ಕಿಂತ ಎಷ್ಟು ಒಳಗಿದೆ ಅಳೆದು ನೋಡಿ. ರೈಡ್ ಹೈಟ್ ಮೇಲಿದ್ದರೆ ಇಳಿಸಿ. ಸೀಟ್ ಇಳಿಸುವುದೂ ಇದಕ್ಕೆ ಮದ್ದೇ, ಆದರೆ ಟ್ರ್ಯಾಕ್ ಬದಿಯಲ್ಲಿ ಸೀಟಿಗೆ ತೂತು ಕೊರೆಯುವ ಕೆಲಸಕ್ಕೆ ಇಳಿಯದಿರುವುದು ವಾಸಿ.

ಎರಡೂ ಸಂದರ್ಭಕ್ಕೆ ಹೊಂದುವ ಒಂದು ಉಪಾಯ ಟೈರ್ ಗಾಳಿ. ರಬ್ಬರ್ ಕೂತ ಟ್ರ್ಯಾಕ್‌ನಲ್ಲಿ ಟೈರ್ ಬೇಗ ಕಾಯುತ್ತದೆ, ಒಳಗಿನ ಒತ್ತಡ ಬೇಗ ಏರುತ್ತದೆ. ಮಧ್ಯಾಹ್ನದ ಸೆಷನ್‌ಗೆ ಅರ್ಧ ಪಿಎಸ್‌ಐ ಇಳಿಸಿ ಶುರು ಮಾಡಿ. ಇದಕ್ಕೆ ಖರ್ಚೂ ಇಲ್ಲ, ಸ್ಪಾನರ್ ಬೇಕಿಲ್ಲ.

ಆಕ್ಸಲ್ ಬದಲಿಸಿ, ಮೆದು ಹಾಕಿ, ಗಟ್ಟಿ ಹಾಕಿ ಅನ್ನುವವರು ಪ್ಯಾಡಾಕ್‌ನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಒಂದು ಕಂಪನಿಯ ಚಾಸಿಸ್‌ನಲ್ಲಿ ಕೆಲಸ ಮಾಡಿದ್ದು ಇನ್ನೊಂದರಲ್ಲಿ ಉಲ್ಟಾ ಹೊಡೆಯಬಹುದು. ಶುರುವಿನಲ್ಲಿ ಆ ಗೊಡವೆ ಬೇಡ. ಗಾಡಿಯ ಜೊತೆ ಬಂದ ಆಕ್ಸಲ್ಲೇ ಇರಲಿ.

ಇನ್ನು ಡ್ರೈವರ್. ಗೇರ್ ಇಲ್ಲದ ಕಾರ್ಟ್‌ನಲ್ಲಿ ತಿರುವನ್ನು ದುಂಡಗೆ, ವೇಗ ಬಿಡದೆ ತೆಗೆದುಕೊಂಡು ಅಭ್ಯಾಸ. ಶಿಫ್ಟರ್‌ಗೆ ಅದು ಆಗಿ ಬರುವುದಿಲ್ಲ. ನೆಟ್ಟಗೆ ಬ್ರೇಕ್ ಹೊಡೆದು, ತಟ್ಟನೆ ತಿರುಗಿಸಿ, ಬೇಗ ಸ್ಟೀರಿಂಗ್ ನೆಟ್ಟಗೆ ಮಾಡಿ ಆಮೇಲೆ ತುಳಿಯಬೇಕು. ಸ್ಟೀರಿಂಗ್ ಇನ್ನೂ ಓರೆ ಇರುವಾಗಲೇ ಪೂರ್ತಿ ತುಳಿದರೆ ಎರಡೂ ಹಿಂಚಕ್ರ ನೆಲಕ್ಕೆ ಬಂದು ಜಗ್ಗಾಟ ಶುರು. ವಿಡಿಯೊದಲ್ಲಿ ಬೆಳಕಿನ ಗೆರೆ ಜೊತೆಗೆ ಮುಂಚಕ್ರದ ಕೋನವನ್ನೂ ನೋಡಿ. ಕೆಲವೊಮ್ಮೆ ಗಾಡಿಯಲ್ಲಿ ಏನೂ ದೋಷ ಇರುವುದಿಲ್ಲ. ಅದನ್ನು ಡ್ರೈವರ್‌ಗೆ ಹೇಳುವುದೇ ಕಷ್ಟದ ಕೆಲಸ, ಅದರಲ್ಲೂ ಗಾಡಿಯ ಓನರ್ ಅವನೇ ಆಗಿದ್ದರೆ.

ಈಗ ಕಾರ್ಬ್ಯುರೇಟರ್

ನೇರ ಪರೀಕ್ಷೆಯಲ್ಲೂ ಮುಗ್ಗರಿಸಿತು, ಗೇರ್ ಸರಿಯಿದೆ ಅಂದರೆ ಮಾತ್ರ ಇಲ್ಲಿಗೆ ಬನ್ನಿ.

ಮೇನ್ ಜೆಟ್‌ನ ಕಾರುಬಾರು ಆಕ್ಸಿಲರೇಟರ್ ಮುಕ್ಕಾಲು ದಾಟಿದ ಮೇಲೆ. ಕಾಲು ಭಾಗದಿಂದ ಮುಕ್ಕಾಲಿನ ತನಕ ನೀಡಲ್ (ಸೂಜಿ). ಅದಕ್ಕಿಂತ ಕೆಳಗೆ ಪೈಲಟ್ ಜೆಟ್ ಮತ್ತು ಸ್ಲೈಡ್. ತಿರುವಿನಿಂದ ಹೊರಡುವಾಗ ಮೊದಲು ತೆರೆಯುವುದು ಕಾಲು ಭಾಗ ಅಲ್ವಾ? ಅಲ್ಲಿ ಎಡವುವ ಎಂಜಿನ್‌ಗೆ ಮೇನ್ ಜೆಟ್ ಬದಲಿಸಿ ಫಲ ಏನು? ಪೆಡಲ್ ಪಕ್ಕ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆಯಿರಿ. ಯಾವ ಗೆರೆಯ ಹತ್ತಿರ ಎಡವುತ್ತದೆ ಅಂತ ಸ್ಟ್ರೇಟ್‌ನಲ್ಲಿ ಮೆಲ್ಲಗೆ ತುಳಿದು ನೋಡಿ.

ರಿಚ್ ಇದ್ದರೆ ಸದ್ದು ಒಡೆದ ಹಾಗೆ, ಬ್ರಬ್ ಬ್ರಬ್ ಅಂತ ಬರುತ್ತದೆ. ಲೀನ್ ಇದ್ದರೆ ಸದ್ದು ಬತ್ತಿದ ಹಾಗೆ, ತುಳಿದಿದ್ದಕ್ಕೆ ಉತ್ತರವೇ ಇಲ್ಲದ ಹಾಗೆ. ಮೇನ್ ಜೆಟ್ ಅನುಮಾನ ಇದ್ದರೆ ಪೂರ್ತಿ ತುಳಿದಿರುವಾಗ ಕಾಲನ್ನು ಒಂದು ಕೂದಲಷ್ಟು ಸಡಿಲಿಸಿ. ಎಂಜಿನ್ ಇನ್ನಷ್ಟು ಎಳೆದರೆ ಲೀನ್. ಕೂಡಲೇ ಒಳಗೆ ಬಂದು ಜೆಟ್ ದೊಡ್ಡದು ಮಾಡಿ.

ಪ್ಲಗ್ ಓದುವುದು, ಅಂದರೆ ಸ್ಪಾರ್ಕ್ ಪ್ಲಗ್ ಬಣ್ಣ ನೋಡಿ ಹದ ತಿಳಿಯುವುದು, ಮೈಸೂರಿನ ಯೆಜ್ಡಿ ಸಾಕಿದವರಿಗೆ ಹೊಸದಲ್ಲ. ಆದರೆ ಪಿಟ್‌ಗೆ ಮೆಲ್ಲಗೆ ಬಂದು ಪ್ಲಗ್ ಬಿಚ್ಚಿದರೆ ಆ ಮೆಲ್ಲಗಿನ ಓಟದ ಬಣ್ಣವಷ್ಟೇ ಕಾಣುತ್ತದೆ. ಹೊಸ ಪ್ಲಗ್ ಹಾಕಿ, ಸ್ಟ್ರೇಟ್‌ನಲ್ಲಿ ಪೂರ್ತಿ ತುಳಿದಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಹಾಗೇ ಉರುಳಿಕೊಂಡು ಬದಿಗೆ ಬನ್ನಿ. ಟ್ರ್ಯಾಕ್‌ನಲ್ಲಿ ಬೇರೆ ಗಾಡಿ ಇದ್ದರೆ ಈ ಕೆಲಸ ಬೇಡ. ಪ್ಲಗ್ ತುದಿಯ ಬಣ್ಣ ನೋಡಬೇಡಿ. ಭೂತಗನ್ನಡಿ ಹಿಡಿದು ಪಿಂಗಾಣಿಯ ಬುಡ, ಅಂದರೆ ಅದು ಲೋಹದೊಳಗೆ ಇಳಿಯುವ ಆಳದ ಜಾಗವನ್ನು ನೋಡಿ. ಅಲ್ಲಿ ತಿಳಿ ಕಂದು ಉಂಗುರ ಇದ್ದರೆ ಸರಿ. ಮಸಿ ಕಪ್ಪು ಅಂದರೆ ರಿಚ್. ಉಂಗುರವೇ ಇಲ್ಲದೆ ಬೆಳ್ಳಗಿದ್ದರೆ ಲೀನ್. ಪಿಂಗಾಣಿಯ ಮೇಲೆ ಉಪ್ಪಿನ ಕಣದಷ್ಟು ಸಣ್ಣ ಹೊಳೆಯುವ ಚುಕ್ಕೆಗಳು ಕಂಡರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಆ ದಿನಕ್ಕೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ, ಹೆಡ್ ಬಿಚ್ಚಿ ನೋಡಿ.

ಬೆಂಗಳೂರಿನ ಜೆಟ್, ಚೆನ್ನೈನ ಟ್ರ್ಯಾಕ್

ಇದು ನಮ್ಮ ಕಡೆಯವರು ಮರೆಯಬಾರದ ವಿಷಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು ಶೇಕಡಾ 10 ಕಡಿಮೆ. ಕರಿ ಮೋಟಾರ್ ಸ್ಪೀಡ್‌ವೇ ಇರುವ ಕೊಯಮತ್ತೂರು 400 ಮೀಟರ್ ಆಸುಪಾಸು, ಇವೆರಡರ ನಡುವೆ. ಬೆಂಗಳೂರಿನಲ್ಲಿ ಪ್ಲಗ್ ಬಣ್ಣ ನೋಡಿ ಹದ ಮಾಡಿದ ಜೆಟ್ ಇಟ್ಟುಕೊಂಡು ಶ್ರೀಪೆರಂಬದೂರು ಕಡೆಯ ಟ್ರ್ಯಾಕ್‌ಗೆ ಇಳಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು, ಎಂಜಿನ್ ಲೀನ್. ಚೆನ್ನೈ ಸೆಖೆ ಈ ವ್ಯತ್ಯಾಸವನ್ನು ಸ್ವಲ್ಪ ತಗ್ಗಿಸುತ್ತದೆ, ಪೂರ್ತಿ ಅಲ್ಲ. ಘಟ್ಟ ಇಳಿಯುವಾಗ ಕೆಲವು ಸೈಜ್ ದೊಡ್ಡ ಜೆಟ್ ಹಾಕಿಕೊಂಡೇ ಇಳಿಯಿರಿ. ಡೆಲ್ಲೋರ್ಟೊ ಮೇನ್ ಜೆಟ್ ನಂಬರ್ ಅಂದರೆ ತೂತಿನ ವ್ಯಾಸ, ಎಂಎಂನ ನೂರನೇ ಭಾಗದಲ್ಲಿ: 165 ಅಂದರೆ 1.65 ಎಂಎಂ. ಕೀಹಿನ್ ನಂಬರಿನ ಲೆಕ್ಕ ಬೇರೆ, ಒಂದರ ನಂಬರ್ ಇನ್ನೊಂದಕ್ಕೆ ಹೊಂದಿಸಬೇಡಿ.

ಇನ್ನೆರಡು ವಿಷಯ ಲೀನ್ ಕಡೆಗೆ ತಳ್ಳುತ್ತವೆ. ಪಂಪಿನಲ್ಲಿ ಈಗ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಹಾಗಾಗಿ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಹೊರದೇಶದ ಜೆಟ್ ಪಟ್ಟಿ ನಕಲು ಮಾಡುವವರು ಇದನ್ನು ಗಮನಿಸಿ. ಇನ್ನೊಂದು, ಪೆಟ್ರೋಲ್ ಜೊತೆ ಬೆರೆಸುವ ಟೂಟಿ (ಟೂ ಸ್ಟ್ರೋಕ್) ಆಯಿಲ್. ಆಯಿಲ್ ಜಾಸ್ತಿ ಹಾಕಿದರೆ ರಿಚ್ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದು ಉಲ್ಟಾ. ಜೆಟ್‌ನಿಂದ ಹೋಗುವ ಅಷ್ಟೇ ದ್ರವದಲ್ಲಿ ಆಯಿಲ್ ಪಾಲು ಏರಿದರೆ ಪೆಟ್ರೋಲ್ ಪಾಲು ಇಳಿಯುತ್ತದೆ. ಎಂಜಿನ್ ಕಂಪನಿ ಹೇಳಿದ ಪ್ರಮಾಣ, ಸಾಮಾನ್ಯವಾಗಿ ಶೇಕಡಾ 4ರಿಂದ 5, ಅಳತೆ ಜಾರಿನಲ್ಲೇ ಹಾಕಿ. ಕಣ್ಣಂದಾಜು ಬೇಡ.

ಜೆಟ್‌ಗೂ ಬಗ್ಗದಿದ್ದರೆ

ಎಷ್ಟು ದೊಡ್ಡ ಜೆಟ್ ಹಾಕಿದರೂ ಲೀನ್ ತೋರಿಸಿದರೆ, ಅಥವಾ ಆಕ್ಸಿಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ ಇಳಿಯದೆ ನಿಂತರೆ, ಎಲ್ಲೋ ಗಾಳಿ ನುಗ್ಗುತ್ತಿದೆ. ಕಾರ್ಬ್ ರಬ್ಬರ್‌ನಲ್ಲಿ ಬಿರುಕು, ಕ್ರ್ಯಾಂಕ್ ಸೀಲ್ ಸೋರಿಕೆ, ಸಿಲಿಂಡರ್ ಬುಡದ ಪ್ಯಾಕಿಂಗ್ ಇವು ಸಾಮಾನ್ಯ ಕಳ್ಳರು. ಸೈಲೆನ್ಸರ್ ದಾರಿ, ಕಾರ್ಬ್ ದಾರಿ ಮುಚ್ಚಿ, ಸುಮಾರು 6 ಪಿಎಸ್‌ಐ ಗಾಳಿ ತುಂಬಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಕ್ಲಚ್ ಬದಿಯ ಸೀಲ್ ಹೋದರೆ ಲಕ್ಷಣ ಬೇರೆ: ಗೇರ್ ಆಯಿಲ್ ಎಂಜಿನ್ ಒಳಗೆ ಎಳೆದುಕೊಂಡು ಹೊಗೆ ಜಾಸ್ತಿ, ಪ್ಲಗ್ ಒದ್ದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ.

ರೀಡ್ ಬ್ಲಾಕ್ (ಕಾರ್ಬ್ ಮತ್ತು ಎಂಜಿನ್ ನಡುವಿನ ಒಮ್ಮುಖ ವಾಲ್ವ್) ಬಿಚ್ಚಿ ಬೆಳಕಿಗೆ ಹಿಡಿಯಿರಿ. ರೀಡ್ ಎಸಳುಗಳ ಅಂಚಿನಲ್ಲಿ ಬೆಳಕು ನುಸುಳಬಾರದು. ಮೂಲೆಯಲ್ಲಿ ಸಣ್ಣ ಚಕ್ಕೆ ಎದ್ದಿದ್ದರೂ ಕೆಳಗಿನ ಆರ್‌ಪಿಎಂನಲ್ಲಿ ಮುಗ್ಗರಿಕೆ, ಸ್ಟಾರ್ಟಿಂಗ್ ತೊಂದರೆ ಎರಡೂ ಬರುತ್ತವೆ. ಕಾರ್ಬ್ ಬಾಯಿಯಿಂದ ಪೆಟ್ರೋಲ್ ಹೊರಕ್ಕೆ ಉಗುಳುತ್ತಿದ್ದರೆ ರೀಡ್ ಅನ್ನೇ ಮೊದಲು ನೋಡಿ.

ನೀರಿನ ಬಿಸಿ 50 ಡಿಗ್ರಿ ಆಸುಪಾಸು ಇರಲಿ. ತಣ್ಣನೆ ಎಂಜಿನ್‌ನಲ್ಲಿ ಪೂರ್ತಿ ತುಳಿದರೆ ಪಿಸ್ಟನ್ ಬೇಗ ಹಿಗ್ಗಿ, ಸಿಲಿಂಡರ್ ಇನ್ನೂ ಹಿಗ್ಗದೆ, ಜೆಟ್ ಸರಿಯಿದ್ದರೂ ಸೀಜ್ ಆಗುತ್ತದೆ. ಮಳೆಗಾಲದ ಬೆಳಗ್ಗೆ ರೇಡಿಯೇಟರ್‌ಗೆ ಅಡ್ಡಲಾಗಿ ಟೇಪ್ ಅಂಟಿಸುವುದು ಅದಕ್ಕೇ.

ಮುಗ್ಗರಿಕೆ ಅಲ್ಲ, ಆದರೂ ಹಾಗೇ ಕಾಣುವುದು

ಆರ್‌ಪಿಎಂ ಬೀಳುವ ಬದಲು ಮೇಲಕ್ಕೆ ಹಾರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಸ್ಲಿಪ್. ಕೇಬಲ್‌ನಲ್ಲಿ ಪ್ಲೇ ಇದೆಯಾ ನೋಡಿ, ಗೇರ್ ಆಯಿಲ್ ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಪ್ಲೇಟ್ ಬದಲಿಸುವ ಕಾಲ. ಕಾರಿನ ಎಂಜಿನ್ ಆಯಿಲ್ ಹಾಕಿದ್ದರೂ ಪ್ಲೇಟ್ ಜಾರಬಹುದು, ಕಂಪನಿ ಹೇಳಿದ ಆಯಿಲ್ಲೇ ಹಾಕಿ. ಚೈನ್ ಮೇಲೆ ಬೆರಳಿಟ್ಟು ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಆಡಬೇಕು. ತೀರಾ ಬಿಗಿಯಿದ್ದರೆ ಅದೂ ಬಲ ತಿನ್ನುತ್ತದೆ. ಎಂಜಿನ್ ಆಫ್ ಇರುವಾಗ ಮಾತ್ರ, ಇದನ್ನು ಬೇರೆ ಹೇಳಬೇಕಿಲ್ಲ.

ಗೇರ್ ಬೀಳದೆ ನಡುವೆ ನ್ಯೂಟ್ರಲ್ ಸಿಕ್ಕರೆ ಡ್ರೈವರ್‌ಗೆ ಅದೂ ‘ಪಿಕಪ್ ಇಲ್ಲ’ ಅಂತಲೇ ಅನ್ನಿಸುತ್ತದೆ. ಗೇರ್ ಏರಿಸಲು ಕ್ಲಚ್ ಬೇಕಿಲ್ಲ, ಆಕ್ಸಿಲರೇಟರ್ ಒಂದು ಕ್ಷಣ ಸಡಿಲಿಸಿ ಲಿವರ್ ಅನ್ನು ಕೊನೆಯ ತನಕ ಎಳೆಯಬೇಕು. ಅರ್ಧಕ್ಕೆ ಬಿಟ್ಟರೆ ಹೀಗಾಗುತ್ತದೆ. ಸರಿಯಾಗಿ ಎಳೆದರೂ ತಪ್ಪುತ್ತಿದ್ದರೆ ಲಿವರ್ ರಾಡ್‌ನ ಎರಡೂ ತುದಿಯ ಬಾಲ್ ಜಾಯಿಂಟ್ ಹಿಡಿದು ಅಲ್ಲಾಡಿಸಿ ನೋಡಿ. ಅದರಲ್ಲಿ ಪ್ಲೇ ಇದ್ದರೆ ಗೇರ್‌ಬಾಕ್ಸ್ ಬಿಚ್ಚಬೇಡಿ, ಜಾಯಿಂಟ್ ಬದಲಿಸಿ ಒಂದು ಸೆಷನ್ ಓಡಿಸಿ.